ಬೊಂಬೆಯ ಬಾಸಿಂಗ

ತೀರ್ಥಹಳ್ಳಿಯ ಪ್ರದರ್ಶನದಲ್ಲಿ ಜನ ನಗಲಿಲ್ಲವೆಂಬ ಸುದ್ದಿ ಪೇಪರಿನಲ್ಲಿ ಅಚ್ಚಾಗಿ ಸಾಗರಕ್ಕೆ ತಲುಪಿದಾಗ ನಾನು ಅದನ್ನು ಒಪ್ಪಲಿಲ್ಲ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟು, ಮದುವೆಯ ಬಾಸಿಂಗಗಳಿಗೆ ಬೆಂಡು ಕೆತ್ತುತ್ತಲೇ ಓದು ಕಲಿತವನು ನಾನು. ಅಚ್ಚಾದ ಮಾತಿನ ಮೇಲೆ ನನಗೆ ಮಮತೆಯುಂಟು, ವಿಶ್ವಾಸವಿಲ್ಲ.

ಚಿತ್ರ ನನ್ನ ತಮ್ಮನ ಮಗಳದು. ಮದುವೆಮನೆಯೊಂದರ ಗಲಿಬಿಲಿಯನ್ನು ಹೇಳುವ ಒಂದೂವರೆ ಗಂಟೆಯ ನಗೆಚಿತ್ರ. ಪಾತ್ರಗಳೆಲ್ಲ ಗೇಣುದ್ದದ ಬೊಂಬೆಗಳು. ಬೊಂಬೆಯನ್ನು ಎಳ್ಳಿನಷ್ಟು ಸರಿಸಿ ಒಂದು ಫೋಟೊ, ಮತ್ತೆ ಎಳ್ಳಿನಷ್ಟು ಸರಿಸಿ ಇನ್ನೊಂದು. ಹೀಗೆ ಐದು ವರ್ಷ. ನಮ್ಮ ಹಳೆಯ ಶೆಡ್ಡಿನ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿದ ಮೇಲೆ ಒಳಗೆ ಬೇರೆಯದೇ ಕಾಲ ಹರಿಯತೊಡಗಿತು. ಹೊರಗೊಂದು ಮಧ್ಯಾಹ್ನ ಕಳೆಯುವಷ್ಟರಲ್ಲಿ ಒಳಗೆ ಒಂದು ರೆಪ್ಪೆ ಮುಚ್ಚಿರುತ್ತಿತ್ತು. ಬೊಂಬೆಗಳ ಒಡವೆ, ಹಾರ, ಮದುಮಗನ ಹಣೆಯ ಬಾಸಿಂಗ, ಎಲ್ಲವನ್ನೂ ನಾನು ಬೆಂಡಿನಲ್ಲಿ ಮಾಡಿಕೊಟ್ಟಿದ್ದೆ.

"ಮುಗೀತು ದೊಡ್ಡಪ್ಪ," ಎಂದಳು ಅವಳು. "ಮದುಮಗ ಕದ್ದು ಪಾಯಸದ ಕೊಪ್ಪರಿಗೆಗೆ ಬಗ್ತಾನಲ್ಲ, ಬಾಸಿಂಗ ಅದ್ರೊಳಗೆ ಬೀಳುತ್ತಲ್ಲ, ಅಲ್ಲೇ ಒಬ್ರೂ ನಗ್ಲಿಲ್ಲ. ಹಳ್ಳಿ ಜನಕ್ಕೆ ಇದೆಲ್ಲ ಅರ್ಥ ಆಗಲ್ಲ ಅಂತ ಪೇಪರಲ್ಲೂ ಹಾಕಿದಾರೆ."

"ಬರೆದೋನು ಪರದೆ ನೋಡಿದ್ನೋ, ಜನರ ಮುಖ ನೋಡಿದ್ನೋ?"

"ನಿಮಗೆ ಸೂರ್ಯ ಹುಟ್ಟಿದ್ರೂ ಸಾಕ್ಷಿ ಬೇಕು!"

ಹೊಸನಗರದ ಮುಂದಿನ ಪ್ರದರ್ಶನದಲ್ಲೂ ಹಾಗೆಯೇ ಆದರೆ ಬೊಂಬೆಗಳನ್ನು ಪೆಟ್ಟಿಗೆಗೆ ತುಂಬಿ ಶೆಡ್ಡಿಗೆ ಬೀಗ ಹಾಕುವುದಾಗಿ ಹೇಳಿ ಒಳಗೆ ಹೋದಳು.

ಹೊಸನಗರದ ಸಭಾಭವನದಲ್ಲಿ ನಾನು ಕುರ್ಚಿಯನ್ನು ಪರದೆಯ ಪಕ್ಕಕ್ಕೆಳೆದು, ಜನರತ್ತ ಮುಖಮಾಡಿ ಕುಳಿತೆ.

"ಎಂತದು, ಅಜ್ಜಾರು ಉಲ್ಟಾ ಕೂತಿದಾರೆ!" ಎಂದರು ಯಾರೋ.

"ಅವ್ರಿಗೆ ಸಿನಿಮಾ ಬಾಯಿಪಾಠ ಇರ್ಬೇಕು, ಬಿಡು."

ದೀಪ ಆರಿತು. ಪರದೆಯ ಬೆಳಕು ಮುಖಗಳ ಮೇಲೆ ಹೊಳೆಯ ನೀರಿನಂತೆ ಆಡಿತು. ಚಿತ್ರವನ್ನು ನಾನು ಕೆನ್ನೆಗಳ ಮೇಲೆ, ಕನ್ನಡಕಗಳ ಗಾಜಿನಲ್ಲಿ ನೋಡಿದೆ. ಅಡುಗೆಭಟ್ಟರು ಹಪ್ಪಳದ ಬುಟ್ಟಿಯೊಳಗೆ ನಿದ್ದೆಹೋದಾಗ ಸಭೆಯೆಲ್ಲ ನಕ್ಕಿತು. ಅರ್ಥವಾಗದವರ ನಗೆ ಅದಲ್ಲ. ಆದರೆ ಬಾಸಿಂಗ ಜಾರಿದ ಕ್ಷಣ ಎಲ್ಲ ಸದ್ದೂ ನಿಂತಿತು. ಒಬ್ಬಾಕೆ ತನ್ನ ತಾಳಿಯನ್ನು ಮುಷ್ಟಿಯಲ್ಲಿ ಹಿಡಿದಳು.

"ಅಯ್ಯೋ, ಬಾಸಿಂಗ ಬಿತ್ತಲ್ರೇ! ಇನ್ನೂ ಧಾರೆ ಆಗಿಲ್ಲ!" ಎಂದಳು ಮುಂದಿನ ಸಾಲಿನ ಅಜ್ಜಿ.

"ಬೊಂಬೆ ಕಣೇ ಅದು," ಎಂದಳು ಪಕ್ಕದವಳು.

"ಬೊಂಬೆ ಆದ್ರೇನು? ಬಾಸಿಂಗ ಖರೇದೇ ಅಲ್ವಾ!"

ಅಜ್ಜಿ ಹೇಳಿದ್ದು ಸತ್ಯ. ನಮ್ಮ ಮನೆಯಲ್ಲಿ ಬಾಸಿಂಗಕ್ಕೆ ಕೈಹಚ್ಚುವ ಮೊದಲು ಸ್ನಾನ ಮಾಡಿ ದೀಪ ಹಚ್ಚುವುದು ರೂಢಿ. ಗೇಣುದ್ದದ ಮದುಮಗನಿಗೂ ಹಾಗೆಯೇ ಕಟ್ಟಿದ್ದೆ. ಬೇರೆ ರೀತಿ ನನ್ನ ಕೈಗೆ ತಿಳಿದಿರಲಿಲ್ಲ.

ಹೊರಗೆ ತಮ್ಮನ ಮಗಳು ಕಾಯುತ್ತಿದ್ದಳು. "ನಗ್ಲಿಲ್ಲ ಅಲ್ವಾ?"

"ಇಲ್ಲ. ಹೆದರಿದ್ರು. ತಪ್ಪು ನಂದು, ನಿಜದ ಬಾಸಿಂಗಾನೇ ಕಟ್ಟಿಬಿಟ್ಟೆ. ಅದು ಬಿದ್ರೆ ನಮ್ಮ ಜನ ನಗ್ತಾರಾ?"

ಅವಳು ನನ್ನನ್ನೇ ನೋಡಿದಳು. "ಫೋಟೊ ತೆಗೆಯೋವಾಗ ಪಕ್ಕದಲ್ಲೇ ಕೂತಿದ್ರಲ್ಲ, ಆಗ್ಲೇ ಹೇಳ್ಬಾರ್ದಿತ್ತಾ?"

"ಶೆಡ್ಡಲ್ಲಿ ಅದು ಬೀಳೋಕೆ ಒಂದು ವಾರ ಹಿಡೀತಲ್ಲ ಮಗಾ. ಅಷ್ಟು ನಿಧಾನಕ್ಕೆ ಬಿದ್ದದ್ದು ನಂಗೆ ಬಿದ್ದ ಹಾಗೇ ಕಾಣ್ಲಿಲ್ಲ."

ಅವಳಿಗೆ ನಗು ಬಂತು. ಬಸ್ಸು ಸಾಗರ ಸೇರುವವರೆಗೂ ಅದು ಬಿಟ್ಟು ಬಿಟ್ಟು ಬರುತ್ತಲೇ ಇತ್ತು.

ಮರುದಿನ ಬೀಗದ ಮಾತು ಎತ್ತದೆ, ಆ ದೃಶ್ಯವನ್ನು ಮತ್ತೆ ತೆಗೆಯಲು ಕ್ಯಾಮೆರಾ ಜೋಡಿಸಿದಳು. ನಾನು ಬಾಸಿಂಗವನ್ನು ಬಿಚ್ಚಿ ದೇವರ ಮುಂದಿಟ್ಟು, ಹಳೆಯ ಪಂಚೆಯ ಅಂಚಿನಿಂದ ಮದುಮಗನಿಗೊಂದು ಪೇಟ ಸುತ್ತಿದೆ.

"ಪೇಟ ಬಿದ್ರೆ ನಗ್ತಾರಾ ದೊಡ್ಡಪ್ಪ?"

"ಪೇಟ ಬಿದ್ರೆ ನಾನೇ ನಗ್ತೀನಿ."

ಇಂದಿಗೆ ಮೂರನೆಯ ದಿನ. ಪೇಟ ಹಣೆಯನ್ನು ಬಿಟ್ಟಿದೆ. ಪಾಯಸವನ್ನು ಇನ್ನೂ ಮುಟ್ಟಿಲ್ಲ.