ಸಂಜೆ ಬಸ್ ಬಂದ್ ಅಂತೆ, ಹೌದಾ?

ಕಳೆದ ಶನಿವಾರ ನನ್ನ ಕ್ಲಾಸಿನಲ್ಲಿ ಒಂದು ಸುಳ್ಳು ಸುದ್ದಿಯ ಮೂಲ ಪತ್ತೆಯಾಯಿತು. ಅದು ಮೊದಲ ಬೆಂಚಿನಲ್ಲೇ ಕೂತು ಪೆನ್ನು ಕಚ್ಚುತ್ತಿತ್ತು.

ನಿಮಗೆ ಗೊತ್ತಲ್ಲ, ವಾರಕ್ಕೊಮ್ಮೆ ಶಿಗ್ಗಾಂವದ ಕಾಲೇಜೊಂದರಲ್ಲಿ ಪತ್ರಿಕೋದ್ಯಮದ ಪಾಠ ಮಾಡುತ್ತೇನೆ. ಫೋಟೊ ಎಲ್ಲಿಂದ ಬಂತು, ವಿಡಿಯೊ ಯಾವ ಕಾಲದ್ದು, ಹೇಳಿದವನಿಗೆ ಹೇಳಿದವರು ಯಾರು ಅಂತ ಬೆನ್ನು ಹತ್ತುವ ವಿದ್ಯೆ. ಹಾನಗಲ್, ಸವಣೂರು, ಹಿರೇಕೆರೂರು ಕಡೆಯಿಂದ ಮಕ್ಕಳು ಬಸ್ ಹಿಡಿದು ಬರುತ್ತಾರೆ. ಎರಡು ಕಡೆ ಖಾತ್ರಿಯಾಗದೆ ಒಂದು ಸಾಲೂ ಬರೆಯಬಾರದು ಎಂಬುದು ನನ್ನ ರೂಲು. (ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟಿದ್ದೇನೆ. ಈಗ ಅದನ್ನು ಯಾರೂ ಅಳಿಸುವುದೂ ಇಲ್ಲ, ಓದುವುದೂ ಇಲ್ಲ.)

ಓದುವವಳು ಒಬ್ಬಳೇ, ಗಿರಿಜಾ. ಸವಣೂರು ಕಡೆಯ ಹಳ್ಳಿಯ ರೈತನ ಮಗಳು. ಅವಳ ವಾಟ್ಸ್ಆ್ಯಪ್‌ಗೆ ಒಂದು ನೋಟಿಸಿನ ಫೋಟೊ ಬಂತು: ಸಂಜೆಯ ಬಸ್ ಬಂದ್. ಅಪ್ಪ ಅಡ್ಮಿಶನ್ ದಿನವೇ ಹೇಳಿದ್ದ, ಸಂಜೆ ಬಸ್ ಇರುವ ತನಕ ಮಾತ್ರ ಕಾಲೇಜು ಅಂತ.

ಅಳುತ್ತ ಕೂರುವ ಪೈಕಿ ಅಲ್ಲ ಅವಳು. ನನ್ನ ರೂಲು ನೆನೆಸಿಕೊಂಡು ಊರೊಳಗೆ ವಿಚಾರಣೆಗೆ ಹೊರಟಳು. ಕಿರಾಣಿ ಅಂಗಡಿಯಲ್ಲಿ ಕೇಳಿದಳು, ಟೇಲರ್ ಅಂಗಡಿಯಲ್ಲಿ ಕೇಳಿದಳು. "ಸಂಜಿ ಬಸ್ ಬಂದ್ ಆಗ್ತೈತಂತ, ಹೌದೇನ್ರಿ?" ಆವತ್ತು ಯಾರಿಗೂ ಗೊತ್ತಿರಲಿಲ್ಲ. ಮರುದಿನ ಮತ್ತೆ ಕೇಳಿದರೆ ಇಡೀ ಊರಿಗೇ ಗೊತ್ತು! ಹೌದು ಅಂದವರ ಮಾತನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಿ ಕ್ಲಾಸಿಗೆ ತಂದಳು. ಅಷ್ಟರಲ್ಲಿ ಸುದ್ದಿ ಅಪ್ಪನ ಕಿವಿಗೂ ಬಿದ್ದು, ಸೋಮವಾರದಿಂದ ಮನೆಯಲ್ಲೇ ಇರು ಎಂದು ಆರ್ಡರ್ ಆಗಿತ್ತು.

ಆ ಕ್ಲಿಪ್‌ಗಳನ್ನು ಹಚ್ಚಿ ಕೇಳಿದೆವು. ಕಿರಾಣಿಯವನಿಗೆ ಹೇಳಿದ್ದು ಟೇಲರ್. ಟೇಲರ್‌ಗೆ ಹೇಳಿದ್ದು ಹಿಟ್ಟಿನ ಗಿರಣಿಯವನು. ಗಿರಣಿಯವನ ದನಿಯಲ್ಲಂತೂ ಭಾರೀ ಖಾತ್ರಿ. "ಖರೇನ ಐತಿ. ಯಾವಾಕೋ ಕಾಲೇಜ್ ಹುಡುಗಿ ಊರ ತುಂಬ ಕೇಳ್ಕೋಂತ ತಿರಗ್ಯಾಳಂತ. ಏನೂ ಇಲ್ದ ಸುಮ್ಮಸುಮ್ಮನ ಯಾರರ ಕೇಳ್ತಾರೇನು?"

ಬೋರ್ಡಿನ ಮೇಲೆ ಬಾಣ ಎಳೆಯುತ್ತ ಹೋದೆ. ಕೊನೆಯ ಬಾಣ ಬಂದು ಗಿರಿಜಾಳ ಹೆಸರಿಗೇ ಚುಚ್ಚಿತು. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಅವಳೂ ವೇಲಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು.

ಗಿರಣಿಯವನನ್ನು ಯಾಕೆ ಬೈಯಬೇಕು ಹೇಳಿ? ನಮ್ಮ ಕಡೆ "ಹೌದೇನ್ರಿ" ಅಂದರೆ ಪ್ರಶ್ನೆಯಲ್ಲ, ಮುಕ್ಕಾಲು ಉತ್ತರ. ಟಿವಿಯವರು ಮಾಡುವುದೂ ಇದನ್ನೇ ತಾನೆ? ಇಷ್ಟಿಷ್ಟು ದಪ್ಪ ಅಕ್ಷರ, ಕೊನೆಗೊಂದು ಪ್ರಶ್ನೆ ಚಿಹ್ನೆ. ಆ ಚಿಹ್ನೆ ಯಾರ ಕಣ್ಣಿಗೆ ಬೀಳುತ್ತದೆ?

ಹಾನಗಲ್ಲಿನ ರೇಷ್ಮಾ ಅಷ್ಟರಲ್ಲಿ ಆ ನೋಟಿಸಿನ ಪೂರ್ತಿ ಫೋಟೊ ಹುಡುಕಿ ತೆಗೆದಳು. ಬೇರೆ ಜಿಲ್ಲೆಯದು, ಹಳೆಯದು. ಮೇಲಿನ ಭಾಗ ಕತ್ತರಿಸಿ ಯಾರೋ ಹರಿಬಿಟ್ಟಿದ್ದರು. ಅಷ್ಟು ಸಾಲದು ಎಂದು ಎಲ್ಲರನ್ನೂ ಬಸ್ ನಿಲ್ದಾಣಕ್ಕೆ ಕರೆದೊಯ್ದೆ. ಕಂಟ್ರೋಲರ್ ಸಾಹೇಬರು ಅಂಥ ಆದೇಶ ಯಾವುದೂ ಬಂದಿಲ್ಲ, ಬಸ್ ಎಂದಿನಂತೆ ಬರುತ್ತದೆ ಅಂದರು. ಗಿರಿಜಾ ಅದನ್ನೂ ರೆಕಾರ್ಡ್ ಮಾಡಿಕೊಂಡು ಕುಣಿಯುತ್ತ ಮನೆಗೆ ಹೋದಳು.

ರಾತ್ರಿ ಅವಳ ಫೋನು ಬಂತು. ದನಿ ಸಣ್ಣಗಾಗಿತ್ತು. ಅಪ್ಪ ಕ್ಲಿಪ್ ಕೇಳಿ ತಲೆ ಅಲ್ಲಾಡಿಸಿದನಂತೆ. "ಈಗ ಫೋನಿನ್ಯಾಗ ಯಾರ ದನಿ ಬೇಕಾದ್ರೂ ಮಾಡ್ತಾರಂತ. ನನಗ ಟೊಪ್ಪಿಗಿ ಹಾಕಬ್ಯಾಡವಾ." (ಎಐ ಬಗ್ಗೆ ನಾನು ಇನ್ನೂ ಪಾಠ ಶುರು ಮಾಡಿಲ್ಲ. ಅಪ್ಪನದು ಆಗಲೇ ಮುಗಿದಿದೆ.) ನನಗೆ ಸಿಟ್ಟು ನೆತ್ತಿಗೇರಿತು. ಸುಳ್ಳಿಗೆ ಒಂದೇ ಒಂದು ಪುರಾವೆ ಕೇಳದ ಮನುಷ್ಯ, ನಿಜಕ್ಕೆ ಇಷ್ಟು ಪರೀಕ್ಷೆ ಮಾಡುವುದೆ? ಸೋಮವಾರ ನಾನೇ ಬಂದು ಮಾತಾಡುತ್ತೇನೆ ಅಂದೆ.

ನಾನು ಹೋಗಬೇಕಾಗಲಿಲ್ಲ. ಭಾನುವಾರ ಬೆಳಿಗ್ಗೆ ಗಿರಿಜಾ ಜೋಳದ ಚೀಲ ಹಿಡಿದು ಗಿರಣಿಗೆ ಹೋದಳು. ಕ್ಲಿಪ್ ತೋರಿಸಲಿಲ್ಲ, ವಾದ ಮಾಡಲಿಲ್ಲ. ಜೋಳ ಸುರುವುತ್ತ ಮೆಲ್ಲಗೆ ಕೇಳಿದಳು ಅಷ್ಟೆ: "ಬಸ್ ಬಂದ್ ಆಗೂದಿಲ್ಲಂತ, ಹೌದೇನ್ರಿ?"

ಸಂಜೆ ಹೊತ್ತಿಗೆ ಅಪ್ಪ ಮೀಸೆ ತಿರುವುತ್ತ ಮನೆಗೆ ಬಂದ. "ನಾಳಿಂದ ಕಾಲೇಜಿಗೆ ಹೋಗು. ಬಸ್ ಎಲ್ಲೂ ಹೋಗೂದಿಲ್ಲ. ನಾನ ಸ್ವತಾ ವಿಚಾರ್ಸೇನಿ."

ಈ ಶನಿವಾರ ಅವಳು ವರದಿ ಬರೆದುಕೊಂಡು ಬಂದಿದ್ದಳು. ಚೆನ್ನಾಗಿತ್ತು, ನನ್ನ ಕೆಂಪು ಪೆನ್ನಿಗೆ ಕೆಲಸವೇ ಇರಲಿಲ್ಲ. ಒಂದೇ ಒಂದು ಡೌಟು ಅವಳಿಗೆ. ಕಂಟ್ರೋಲರ್ ಹೇಳಿದ್ದು ಒಂದಾಯಿತು. ರೂಲಿನ ಪ್ರಕಾರ ಇನ್ನೊಂದು ಬೇಕಲ್ಲ?

"ಸರ, ಎರಡನೇ ಸೋರ್ಸ್ ಅಂತ ಅಪ್ಪನ ಹೆಸರ ಹಾಕ್ಲೇನ್ರಿ?"