ದೀಪದ ಬುರುಜಿನ ಕೆಂಪು ಬಟ್ಟೆ

ನನ್ನ ಹೆಂಡತಿಯ ತವರು ವೈಟ್‌ಫೀಲ್ಡ್‌ನಿಂದಾಚೆ, ದೊಡ್ಡ ಕೆರೆಯ ಪಕ್ಕದ ಹಳ್ಳಿ. ಕೆರೆ ಏರಿಗೆ ಅಂಟಿಕೊಂಡು ಪಾಳೇಗಾರರ ಕಾಲದ ಮಣ್ಣಿನ ಕೋಟೆ, ಅದರ ಮೂಲೆಯಲ್ಲಿ ಕಲ್ಲಿನ ಬುರುಜು. ಹಿಂದೆ ಕತ್ತಲಲ್ಲಿ ಏರಿಯ ಮೇಲೆ ಗಾಡಿ ಹೊಡೆದುಕೊಂಡು ಬರುವವರು ನೀರಿಗೆ ಇಳಿಯಬಾರದೆಂದು ಬುರುಜಿನ ತುದಿಯಲ್ಲಿ ದೀಪ ಹಚ್ಚುತ್ತಿದ್ದರಂತೆ. ಊರಿನವರಿಗೆ ಅದು ದೀಪದ ಬುರುಜು.

ಎಂಬತ್ತರ ದಶಕದ ಆರಂಭ. ನಾವು ಬಾಗಲಗುಂಟೆಯಲ್ಲಿದ್ದೆವು. ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಬೇಸಿಗೆ ರಜೆಗೆ ಬಂದಿದ್ದ ಎಂಟು ವರ್ಷದ ಮೊಮ್ಮಗಳಿಗೆ ಬುರುಜು ತೋರಿಸಲು ನಾನೂ ಹೆಂಡತಿಯೂ ಹೊರಟೆವು. ಬಸ್ಸಿನಲ್ಲಿ ಮೊಮ್ಮಗಳು ನನ್ನ ಕೆಲಸದ ಬಗ್ಗೆ ಕೇಳಿದಳು. ಮೆಷಿನ್ ರಿಪೇರಿಗೆ ನಿಂತಾಗ ಸ್ವಿಚ್ಚಿಗೆ ಕೆಂಪು ಬಟ್ಟೆ ಕಟ್ಟುತ್ತೇವೆ, ಕಟ್ಟಿದವನೇ ಬಿಚ್ಚಬೇಕು, ಮ್ಯಾನೇಜರ್ ಬಂದರೂ ಮುಟ್ಟುವಂತಿಲ್ಲ ಎಂದು ದೊಡ್ಡದಾಗಿ ಹೇಳಿದೆ.

ಬುರುಜಿನ ಬಾಗಿಲಿನ ಚಿಲಕಕ್ಕೂ ಕೆಂಪು ಬಟ್ಟೆ ಕಟ್ಟಿತ್ತು. ಕೆರೆಯ ತೂಬು ತೆಗೆದು ಗದ್ದೆಗಳಿಗೆ ನೀರು ಬಿಡುವ ನೀರಗಂಟಿಯೇ ಬುರುಜನ್ನೂ ನೋಡಿಕೊಳ್ಳುತ್ತಿದ್ದ. ಮುಟ್ಟಬಾರದ ಕಡೆಗೆಲ್ಲ ಬಟ್ಟೆ ಕಟ್ಟುವುದು ಅವನ ರೂಢಿ. ಊರಿಗೆಲ್ಲ ಅದು ಗೊತ್ತು.

"ಮೇಲಕ್ಕೆ ಅತ್ಬ್ಯಾಡಿ ಅಳಿಯಂದ್ರೇ, ಮೆಟ್ಲು ಸಡ್ಲಾಗವೆ," ಎಂದು ಹೇಳಿ ಅವನು ಗದ್ದೆಯ ಕಡೆ ಹೋದ. ಹೆಂಡತಿ ಬುರುಜಿನ ಬಳಿ ಬರುವ ಮೊದಲೇ ಏರಿಯ ಮೇಲಿನ ಗುಡಿಗೆ ಕೈಮುಗಿಯಲು ಹೋಗಿದ್ದಳು.

ಮೊಮ್ಮಗಳು ತಲೆ ಎತ್ತಿ ಬುರುಜನ್ನೇ ನೋಡುತ್ತಿದ್ದಳು. "ದೀಪ ಇಡ್ತಿದ್ದ ಜಾಗ ನೋಡೋಕಾಗಲ್ವಾ ತಾತ?"

ನಾನು ಬಟ್ಟೆ ಬಿಚ್ಚಿದೆ. ಮೂವತ್ತು ವರ್ಷ ಕಬ್ಬಿಣ ಪರೀಕ್ಷಿಸಿದವನಿಗೆ ಸಡಿಲ ಕಲ್ಲು ಗೊತ್ತಾಗುವುದಿಲ್ಲವೇ ಎಂಬ ಜಂಬ. ಇಳಿದ ಮೇಲೆ ಮತ್ತೆ ಕಟ್ಟಿದರಾಯಿತೆಂದು ಬಟ್ಟೆಯನ್ನು ಪ್ಯಾಂಟಿನ ಜೇಬಿಗೆ ತುರುಕಿದೆ. ಒಳಗೆ ಒಂದೊಂದೇ ಮೆಟ್ಟಿಲನ್ನು ಕಾಲಿನಿಂದ ಒತ್ತಿ ನೋಡುತ್ತ ಹತ್ತಿದೆ. ಏಳನೆಯದು ಅಲುಗಾಡಿತು. ಮಗುವನ್ನು ಎತ್ತಿ ದಾಟಿಸಿದೆ, ನಾನೂ ದಾಟಿದೆ. ಗೊತ್ತಿದ್ದೂ ಮೇಲಕ್ಕೆ ಹೋದೆ.

ತುದಿಯಲ್ಲಿ ನಿಂತು ಕೆರೆ ನೋಡುತ್ತಿದ್ದಾಗ ಕೆಳಗಿನಿಂದ ಹೆಂಡತಿಯ ದನಿ ಕೇಳಿತು. "ರೀ, ನಾನೂ ಬರ್ತಿದ್ದೀನಿ." ಅದು ಬಾಗಿಲ ಹೊರಗಿನ ದನಿಯಲ್ಲ, ಆಗಲೇ ಒಳಗಿತ್ತು.

"ನಿಂತ್ಕೋ, ಹತ್ಬೇಡ," ಎಂದು ಕೂಗಿದೆ. ಗೋಡೆಗಳ ನಡುವೆ ನನ್ನ ಮಾತು ಏನಾಗಿ ಕೇಳಿಸಿತೋ. "ಏನಂದ್ರೀ?" ಎಂದಳು. ಅವಳ ಚಪ್ಪಲಿಯ ಸದ್ದು ಮತ್ತೆರಡು ಸಲ ಕೇಳಿತು. ಆಮೇಲೆ ಕಲ್ಲು ಉರುಳಿದ ಸದ್ದು.

ಇಳಿದು ನೋಡಿದರೆ ಅವಳು ಬಾಗಿಲ ಬಳಿ ಬಿದ್ದಿದ್ದಳು. ಬಲಗಾಲು ಸೊಟ್ಟಗೆ ತಿರುಗಿತ್ತು. "ಬಟ್ಟೆ ಇರ್ಲಿಲ್ಲ ಕಣ್ರೀ, ಅದಕ್ಕೇ ಹತ್ತಿದೆ," ಎಂದಳು.

ಜನ ಸೇರಿದರು. ಎತ್ತಿನ ಗಾಡಿ ಬರುವವರೆಗೆ ಅವಳನ್ನು ನೆರಳಲ್ಲಿ ಮಲಗಿಸಿದರು. ಊರಿನ ಯಜಮಾನರು ನೀರಗಂಟಿಯನ್ನು ಕರೆಸಿದರು.

"ಬಟ್ಟೆ ಕಟ್ಟಿದ್ದೇನ್ಲಾ?"

"ಬೆಳಗ್ಗೇನೇ ಕಟ್ಟಿದ್ದೆ ಸ್ವಾಮಿ."

"ಅಂಗಾರೆ ಎಲ್ಲೋಯ್ತು? ಮಂಗ ಬಿಚ್ಕೊಂಡೋಗಿ ತಲೆಗೆ ಸುತ್ಕೊಂತಾ?" ಕೆಲವರು ನಕ್ಕರು. ಅವರು ನನ್ನತ್ತ ತಿರುಗಿದರು. "ಅಳಿಯಂದ್ರೇ, ನೀವು ಬಂದಾಗ ಬಟ್ಟೆ ಇತ್ತಾ?"

ಊರಿನ ಅಳಿಯ ಎಂದರೆ ಅಲ್ಲಿ ಮರ್ಯಾದೆ. ನನ್ನನ್ನು ಅನುಮಾನಿಸುವ ಯೋಚನೆಯೂ ಯಾರಿಗೂ ಬಂದಿರಲಿಲ್ಲ. ಬಟ್ಟೆ ನನ್ನ ತೊಡೆಗೆ ಒತ್ತುತ್ತಿತ್ತು. ಮೊಮ್ಮಗಳು ನನ್ನ ಜೇಬನ್ನೇ ನೋಡುತ್ತಿದ್ದಳು. ಅವಳ ಬಾಯಿ ತೆರೆಯಿತು. ಅವಳ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದೆ.

"ಇರ್ಲಿಲ್ಲ," ಎಂದೆ.

ನೀರಗಂಟಿ ನನ್ನನ್ನು ಒಮ್ಮೆ ನೋಡಿದ. "ನಾಳೆಯಿಂದ ತೂಬಿನ ಕಡೆ ಬರ್ಬ್ಯಾಡ," ಎಂದರು ಯಜಮಾನರು. ಅಪ್ಪ, ತಾತನ ಕಾಲದಿಂದ ಅವನ ಮನೆತನಕ್ಕಿದ್ದ ಕೆಲಸ ಅಷ್ಟಕ್ಕೇ ಮುಗಿಯಿತು.

ಹೆಂಡತಿಯ ಕಾಲು ಕೂಡಿಕೊಂಡಿತು, ಕುಂಟು ಉಳಿಯಿತು. ರಜೆ ಮುಗಿದು ತನ್ನ ಊರಿಗೆ ವಾಪಸು ಹೋಗುವ ದಿನ ಮೊಮ್ಮಗಳು ಚಪ್ಪಲಿಯ ಪಟ್ಟಿ ಹಾಕಿಕೊಳ್ಳುತ್ತ ಕೇಳಿದಳು. "ಕಟ್ಟಿದವನೇ ಬಿಚ್ಬೇಕು ಅಂದಿದ್ರಲ್ಲ ತಾತ?" ಮರುವರ್ಷ ರಜೆಗೆ ಅವಳು ನಮ್ಮ ಮನೆಗೆ ಬರಲಿಲ್ಲ.

ಎರಡು ವರ್ಷದ ಮೇಲೆ, ಕೆಲಸದಿಂದ ನಿವೃತ್ತನಾದ ವಾರವೇ ಬಟ್ಟೆ ತೆಗೆದುಕೊಂಡು ನೀರಗಂಟಿಯನ್ನು ಹುಡುಕಿಕೊಂಡು ಹೋದೆ. ವೈಟ್‌ಫೀಲ್ಡ್ ರೈಲ್ವೆ ಸ್ಟೇಷನ್ನಿನ ಹತ್ತಿರ ಲಾರಿಗೆ ಮೂಟೆ ಹೊರುತ್ತಿದ್ದ. ಬಟ್ಟೆಯನ್ನು ಅವನ ಕೈಗಿಟ್ಟೆ.

"ಗೊತ್ತಿತ್ತು ಅಳಿಯಂದ್ರೇ," ಎಂದ. "ಜೇಬಿಂದ ತುದಿ ಇಣುಕ್ತಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಅಕ್ಕ ಅಲ್ಲಿ ನರಳ್ತಾ ಬಿದ್ದವ್ರೆ. ಅವ್ರ ಗಂಡನ್ ಜೇಬ್ಗೆ ಕೈ ಆಕಕ್ಕಾಯ್ತದಾ?" ಬಟ್ಟೆಯನ್ನು ತಿರುಗಿಸಿ ನೋಡುತ್ತ ಕೇಳಿದ. "ಯಜಮಾನ್ರಿಗೆ ಏಳ್ತೀರಾ?"

"ಹೇಳ್ತೀನಿ. ಇವತ್ತೇ ಹೋಗ್ತೀನಿ."

ಅವನು ಬಟ್ಟೆಯನ್ನು ಮಡಚಿ ನನಗೇ ಕೊಟ್ಟ. "ಅಂಗಾರೆ ಇಟ್ಕಳಿ. ಏಳೋವಾಗ ತೋರ್ಸಕ್ಕೆ ಬೇಕಾಯ್ತದೆ."

ಹಳ್ಳಿಗೆ ಹೋಗುವ ಬಸ್ಸು ಎದುರಿಗೇ ನಿಂತಿತ್ತು. ನಾನು ಮನೆ ಕಡೆಗೆ ಹೋಗುವ ಮೆಜೆಸ್ಟಿಕ್ ಬಸ್ಸು ಹತ್ತಿದೆ. ಆಮೇಲಿನ ವರ್ಷಗಳಲ್ಲಿ ಯಜಮಾನರು ತೀರಿಕೊಂಡರು, ನೀರಗಂಟಿ ತೀರಿಕೊಂಡ, ನನ್ನ ಹೆಂಡತಿಯೂ ಹೋದಳು. ಅವಳಿಗೂ ನಾನು ಹೇಳಲಿಲ್ಲ. ಬಟ್ಟೆ ನನ್ನ ಟ್ರಂಕಿನಲ್ಲಿದೆ, ಅವನು ಮಡಚಿಕೊಟ್ಟ ಹಾಗೆಯೇ.