ಹುಣಸೇಹಣ್ಣಿನಲ್ಲಿ ತೊಳೆದ ಬೇರಿಂಗು

ನಮ್ಮವರಿಗೆ ಮೀನು ಹಿಡಿಯುವ ಹವ್ಯಾಸವಿತ್ತು. ಬಸವನಗುಡಿಯ ನಮ್ಮ ಬೀದಿಯಲ್ಲಿ ಈ ಮಾತನ್ನು ಗಟ್ಟಿಯಾಗಿ ಹೇಳುವ ಹಾಗಿರಲಿಲ್ಲ. ಹಿಡಿದದ್ದನ್ನು ಮತ್ತೆ ಹೊಳೆಗೇ ಬಿಡುತ್ತಾರೆ, ಇಟ್ಸ್ ಓನ್ಲಿ ಎ ಸ್ಪೋರ್ಟ್ ಎಂದು ನಾನು ಎಷ್ಟು ಹೇಳಿದರೂ ನಮ್ಮತ್ತೆ ಮಾತ್ರ, "ಬಿಡೋದೇ ಆದ್ರೆ ಹಿಡಿಯೋದ್ಯಾಕೆ?" ಎಂದು ಕೇಳುತ್ತಿದ್ದರು. ಗಾಳದ ಸಾಮಾನು ಹೊಸ್ತಿಲು ದಾಟಕೂಡದು ಎಂದು ಅವರು ವಿಧಿಸಿದ್ದರು. ಅವರು ತೀರಿಕೊಂಡು ಎಷ್ಟೋ ವರ್ಷವಾದರೂ ಅದು ಸ್ಕೂಟರಿನ ಪಕ್ಕ, ಷೆಡ್ಡಿನಲ್ಲೇ ಇರುತ್ತಿತ್ತು.

ಸಾಮಾನು ಎಂದರೆ ಮುಖ್ಯವಾಗಿ ಒಂದು ಹಳೆಯ ರೀಲು. ಆಸ್ಟ್ರೇಲಿಯಾಕ್ಕೆ ಹೊರಟ ಇವರ ಆಂಗ್ಲೋ ಇಂಡಿಯನ್ ಬಾಸ್ ಕೊಟ್ಟು ಹೋದದ್ದು. ಕೋಲಿನ ಮೇಲೆ ಕೂರುವ ಪುಟ್ಟ ಯಂತ್ರ. ಒಳಗೆ ದಾರ ಸುತ್ತಿದ ಉರುಳೆ, ಅದು ಸಲೀಸಾಗಿ ತಿರುಗಲು ಎರಡು ಕೊನೆಗೂ ಪುಟ್ಟ ಬೇರಿಂಗು. ಕೋಲು ಬೀಸಿದಾಗ ತುದಿಯ ತೂಕ ದಾರವನ್ನು ಎಳೆದುಕೊಂಡು ಹಾರುತ್ತದೆ, ಉರುಳೆ ಗಿರ್ರನೆ ತಿರುಗುತ್ತದೆ. ಆಗ ಬಲಗೈ ಹೆಬ್ಬೆರಳನ್ನು ಅದರ ಮೇಲೆ ಹೂವಿನ ಹಾಗೆ ಇಟ್ಟಿರಬೇಕು. ಬೆರಳೇ ಬ್ರೇಕು. ಹೆಚ್ಚು ಒತ್ತಿದರೆ ತೂಕ ಅರ್ಧದಲ್ಲೇ ಬೀಳುತ್ತದೆ. ಒತ್ತದಿದ್ದರೆ ಉರುಳೆ ದಾರಕ್ಕಿಂತ ಜೋರಾಗಿ ಓಡಿ ದಾರವೆಲ್ಲ ಕಾಗೆ ಗೂಡಾಗುತ್ತದೆ. ಪ್ರತಿ ಭಾನುವಾರ ಸಂಜೆ ಇವರು ತಾರಸಿಯ ಒಂದು ತುದಿಯಲ್ಲಿ ನಿಂತು ಇನ್ನೊಂದು ತುದಿಯ ಬಕೆಟ್ಟಿಗೆ ಸೀಸದ ಗುಂಡು ಎಸೆಯುತ್ತಿದ್ದರು. ಠಣ್ ಎಂದರೆ ನಾನು ಕೆಳಗೆ ಕಾಫಿ ಸೋಸಲು ಶುರುಮಾಡುತ್ತಿದ್ದೆ. ಮೂರು ಠಣ್ ಆದ ಮೇಲೆ ಇಳಿದು ಬರುವುದು ಅವರ ಪದ್ಧತಿ.

ಅವರು ರಿಟೈರಾಗಿ ಎರಡು ವರ್ಷವಾಗಿತ್ತು. ತೊಂಬತ್ತರ ದಶಕ ಇನ್ನೇನು ಮುಗಿಯುವುದರಲ್ಲಿತ್ತು. ಆಯುಧಪೂಜೆಯ ಹಿಂದಿನ ದಿನ ಇವರು ವಾಡಿಕೆಯಂತೆ ರೀಲನ್ನು ಬಿಚ್ಚಿ, ಬಿಡಿಭಾಗಗಳನ್ನೆಲ್ಲ ವರಾಂಡದಲ್ಲಿ ಪೇಪರಿನ ಮೇಲೆ ಸಾಲಾಗಿಟ್ಟು, ಬೂದುಗುಂಬಳಕಾಯಿ ತರಲು ಗಾಂಧಿ ಬಜಾರಿಗೆ ಹೋದರು. ನಾನು ಹಿತ್ತಲಲ್ಲಿ ಹುಣಸೇಹಣ್ಣು, ಉಪ್ಪು ಹಾಕಿ ದೀಪದ ಕಂಬ, ಪಂಚಪಾತ್ರೆ ಬೆಳಗುತ್ತಿದ್ದೆ. ಎದ್ದು ಬಂದಾಗ ಆ ಚೂರುಗಳು ಕಣ್ಣಿಗೆ ಬಿದ್ದವು. ಕಪ್ಪಗೆ, ಜಿಡ್ಡು ಜಿಡ್ಡಾಗಿ ಇದ್ದವು. ಪಾಪ, ನಾಳೆ ಅದಕ್ಕೂ ಕುಂಕುಮ ಇಡಬೇಕಲ್ಲ ಅನ್ನಿಸಿತು. ಅಷ್ಟನ್ನೂ ಹುಣಸೇ ನೀರಿನ ಬೋಗುಣಿಗೆ ಹಾಕಿ ನೆನೆಸಿ, ಉಜ್ಜಿ, ನಲ್ಲಿಯಲ್ಲಿ ತೊಳೆದು, ಬಿಸಿಲಿಗಿಟ್ಟು, ಇದ್ದ ಸಾಲಿನಲ್ಲೇ ಜೋಡಿಸಿದೆ. ಫಳಫಳ ಹೊಳೆಯುತ್ತಿದ್ದವು.

"ಏನೇ ಇದು, ಹೊಸದರ ಥರ ಇದೆ!" ಎಂದರು ಇವರು, ಕುಂಬಳಕಾಯಿ ಇಳಿಸುತ್ತಾ.

"ಸ್ವಲ್ಪ ಒರೆಸಿಟ್ಟೆ ರೀ" ಎಂದೆ.

ತೊಳೆದೆ ಎನ್ನಲಿಲ್ಲ. ನೀರು ಸೋಕಿಸಬಾರದು ಎಂದು ಅವರು ಎಂದೋ ಹೇಳಿದ್ದು ಆ ಕ್ಷಣಕ್ಕೆ ನೆನಪಾಗಿತ್ತು.

ಸಂಕ್ರಾಂತಿಯ ಹೊತ್ತಿಗೆ ಠಣ್ ಶಬ್ದ ನಿಂತುಹೋಯಿತು. ಗುಂಡು ಬಕೆಟ್ಟಿಗೆ ಮುಟ್ಟದೆ, ನಡುವೆ ಇದ್ದ ಬಟ್ಟೆ ಒಗೆಯುವ ಕಲ್ಲಿನ ಹತ್ತಿರವೇ ಬೀಳುತ್ತಿತ್ತು. ಒಂದು ಭಾನುವಾರ ಕಾಫಿ ಆರಿಹೋಯಿತೆಂದು ನಾನೇ ಮೇಲೆ ಹೋದೆ. ಇವರು ತಮ್ಮ ಹೆಬ್ಬೆರಳನ್ನೇ ನೋಡುತ್ತಾ ನಿಂತಿದ್ದರು.

"ಬೆರಳು ನಾನು ಹೇಳಿದ್ದು ಕೇಳ್ತಿಲ್ಲ ಕಣೆ. ಬೇಡ ಅಂದ್ರೂ ಒತ್ತತ್ತೆ. ನಾನು ರಿಟೈರಾಗಿ ಎರಡು ವರ್ಷ ಆಯ್ತಲ್ಲ, ಈಗ ಇದರ ಸರದಿ."

ನಗುತ್ತಲೇ ಹೇಳಿದರು. ಆದರೆ ರೀಲು ಬಿಸ್ಕತ್ತಿನ ಡಬ್ಬಿ ಸೇರಿತು. ಫೆಬ್ರವರಿಯಲ್ಲಿ ಸ್ನೇಹಿತರು ಕಾವೇರಿಗೆ ಹೊರಟಾಗ ನೆಗಡಿ ಎಂದು ನೆಪ ಹೇಳಿದರು. ಆಮೇಲೆ ನಾನು ಒಂದೊಂದಾಗಿ ಗಮನಿಸತೊಡಗಿದೆ. ಬಲಗೈ ಸದಾ ಜೇಬಿನಲ್ಲಿ. ಅಂಗಿಯ ಗುಂಡಿ ಹಾಕಿಕೊಳ್ಳುವಾಗ ನನಗೆ ಬೆನ್ನು ತಿರುಗಿಸುತ್ತಾರೆ. ಒಮ್ಮೆ ಲೋಟದ ಕಾಫಿ ಚೆಲ್ಲಿ, "ಎಷ್ಟು ಬಿಸಿ ಕೊಟ್ಟಿದ್ದೀಯ!" ಎಂದು ರೇಗಿದರು. ಕಾಫಿ ಬಿಸಿ ಇರಲಿಲ್ಲ. ಡಾಕ್ಟರ ಹತ್ತಿರ ಹೋಗೋಣ ಎಂದರೆ, "ಚಳಿಗೆ ಹಾಗಾಗತ್ತೆ, ನೀನೊಬ್ಬಳು" ಎಂದು ಬಾಯಿ ಮುಚ್ಚಿಸಿದರು.

ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಅವರು ವಾಕಿಂಗಿಗೆ ಹೋಗಿದ್ದಾಗ ಡಬ್ಬಿ ತೆಗೆದು ಉರುಳೆಯನ್ನು ಬೆರಳಿನಿಂದ ತಿರುಗಿಸಿದೆ. ಗರಗರ ಎಂದಿತು. ಎಣ್ಣೆ ಕಾಣದ ಹೊಲಿಗೆ ಯಂತ್ರದ ಶಬ್ದ ನನಗೆ ಚೆನ್ನಾಗಿ ಗೊತ್ತು. ಹುಣಸೇ ನೀರಿನ ಬೋಗುಣಿ ಕಣ್ಣಮುಂದೆ ಬಂತು, ಅದರ ಬೆನ್ನಿಗೇ ಎಂಥದೋ ಹಗುರ. ಹಾಗಾದರೆ ತಪ್ಪು ಬೆರಳಿನದಲ್ಲ. ತಪ್ಪು ನನ್ನದು! ತಪ್ಪು ಮಾಡಿ ಅಷ್ಟು ಖುಷಿಪಟ್ಟದ್ದು ಜೀವನದಲ್ಲಿ ಅದೊಂದೇ ಸಲ.

ರೀಲನ್ನು ತರಕಾರಿ ಚೀಲಕ್ಕೆ ಹಾಕಿಕೊಂಡು ಆಟೋ ಹತ್ತಿ ಕಲಾಸಿಪಾಳ್ಯದ ಬೇರಿಂಗ್ ಅಂಗಡಿಗಳ ಸಾಲಿಗೆ ಹೋದೆ. ಮೂರನೆಯ ಅಂಗಡಿಯಾತ, ತಲೆ ನರೆತವನು, ಚೀಲ ನೋಡಿ, "ಏನಮ್ಮಾ, ಮಿಕ್ಸೀದಾ?" ಎಂದ.

"ಅಲ್ಲಪ್ಪಾ, ಮೀನು ಹಿಡಿಯೋ ರೀಲು."

ನನ್ನ ಕುಂಕುಮ, ಚೀಲದಿಂದ ಇಣುಕುತ್ತಿದ್ದ ಕನಕಾಂಬರದ ಪೊಟ್ಟಣ ಎರಡನ್ನೂ ನೋಡಿದ. "ನೀವು ಹಿಡೀತೀರಾ?"

"ನಮ್ಮ ಯಜಮಾನರು. ಹಿಡಿದು ಬಿಟ್ಟುಬಿಡ್ತಾರೆ."

"ಬಿಡೋದಾದ್ರೆ ಯಾಕ್ ಹಿಡಿಯೋದು?" ಎಂದ. ನಮ್ಮತ್ತೆಯೇ ಗಲ್ಲಾಪೆಟ್ಟಿಗೆ ಹಿಂದೆ ಕೂತ ಹಾಗಾಯಿತು.

ಮೂರು ಸ್ಕ್ರೂ ಬಿಚ್ಚಿ, ತಂತಿಯ ಸಣ್ಣ ಬಳೆಯೊಂದನ್ನು ಸೂಜಿಯಿಂದ ಎಬ್ಬಿಸಿ, ಉರುಳೆಯ ಎರಡೂ ಕೊನೆಯ ಬೇರಿಂಗುಗಳನ್ನು ಅಂಗೈಗೆ ಉದುರಿಸಿದ. ಅಂಗಿಯ ಗುಂಡಿಯಷ್ಟೇ ದೊಡ್ಡವು. ಒಂದನ್ನು ನನ್ನ ಕಿವಿಯ ಹತ್ತಿರ ಹಿಡಿದು ತಿರುಗಿಸಿದ.

"ಕೇಳಿಸ್ತಾ? ಒಳಗೆ ಗುಂಡೆಲ್ಲಾ ತುಕ್ಕು ತಿಂದೋಗಿದೆ. ಏನಲ್ಲಿ ತೊಳೆದ್ರಿ, ಆಸಿಡ್ಡಾ?"

"ಹುಣಸೇಹಣ್ಣು. ಉಪ್ಪು."

ಅವನು ಪಕ್ಕದ ಅಂಗಡಿಗೆ ಕೇಳುವಷ್ಟು ಜೋರಾಗಿ ನಕ್ಕ. "ಬೇರಿಂಗ್‌ಗೆ ಸಾರು ಮಾಡಿಬಿಟ್ರಲ್ಲಮ್ಮಾ! ಒಗ್ಗರಣೆ ಒಂದು ಬಾಕಿ!"

ನಾನೂ ನಕ್ಕೆ. ಅಳತೆ ನೋಡಿ ಅದೇ ಸೈಜಿನ ಹೊಸ ಜೋಡಿ ಹುಡುಕಿ, ಮರದ ಕಡ್ಡಿಯಿಂದ ಒತ್ತಿ ಕೂರಿಸಿ, ಒಂದೊಂದಕ್ಕೂ ಒಂದೇ ಹನಿ ಎಣ್ಣೆ ಬಿಟ್ಟ. ಉರುಳೆಯನ್ನು ಊದಿದ. ಸದ್ದೇ ಇಲ್ಲದೆ ತಿರುಗಿತು, ತಿರುಗುತ್ತಲೇ ಇತ್ತು. ಹಳೆಯ ಎರಡನ್ನೂ ಕಾಗದದಲ್ಲಿ ಕಟ್ಟಿಸಿಕೊಂಡೆ, ಸಾಕ್ಷಿ ಬೇಕಲ್ಲ.

ನಾನು ಓದಿದ ಕಾನ್ವೆಂಟಿನಲ್ಲಿ ಕ್ರಿಶ್ಚಿಯನ್ ಹುಡುಗಿಯರು ಪಾದ್ರಿಯ ಮುಂದೆ ತಪ್ಪೊಪ್ಪಿಕೊಳ್ಳಲು ಕನ್ಫೆಷನ್ನಿಗೆ ಹೋಗುವಾಗ ನಮಗೆ ಮಾರಲ್ ಸೈನ್ಸ್ ಕ್ಲಾಸು. ಅವರು ಹಗುರಾಗಿ ಹೊರಬರುವುದನ್ನು ಕಿಟಕಿಯಿಂದ ನೋಡಿ ಹೊಟ್ಟೆಕಿಚ್ಚುಪಡುತ್ತಿದ್ದೆ. ಆ ಸಂಜೆ ಅಂಥದೊಂದು ಸರದಿ ನನಗೂ ಬಂತು. ಹಳೆಯ ಬೇರಿಂಗುಗಳನ್ನು ಟೀಪಾಯಿಯ ಮೇಲಿಟ್ಟು ಎಲ್ಲವನ್ನೂ ಹೇಳಿಬಿಟ್ಟೆ.

ಇವರು ಒಂದನ್ನು ತಿರುಗಿಸಿ ನೋಡಿದರು. "ಹುಣಸೇಹಣ್ಣಾ?" ಮುಖದಲ್ಲಿ ಎಷ್ಟು ತಿಂಗಳ ಮೇಲೆ ಬೆಳಕು! "ಕಾನ್ವೆಂಟಲ್ಲಿ ಫಿಸಿಕ್ಸ್ ಹೇಳಿಕೊಟ್ರೋ, ಬರೀ ಎಂಬ್ರಾಯಿಡರಿನೋ?"

"ಕೆಮಿಸ್ಟ್ರಿ ರೀ ಅದು" ಎಂದೆ. "ಬನ್ನಿ ಮೇಲೆ."

ಇನ್ನೂ ಬಿಸಿಲಿತ್ತು. ಬಕೆಟ್ಟನ್ನು ನಾನೇ ತುದಿಗಿಟ್ಟೆ. ಇವರು ಕೋಲು ಬೀಸಿದರು. ಉರುಳೆ ಹುಚ್ಚೆದ್ದ ಹಾಗೆ ತಿರುಗಿತು. ಹೆಬ್ಬೆರಳು ಅದರ ಮೇಲೆ ಕೂರಲಿಲ್ಲ. ಬಿಸಿ ಬಾಣಲೆ ಮುಟ್ಟಿದ ಹಾಗೆ ಮೇಲೆ ಕೆಳಗೆ ಅದುರಿತು. ದಾರವೆಲ್ಲ ಉಕ್ಕಿ ಬಂದು ಗಂಟಾಗಿ, ಗುಂಡು ಅವರ ಕಾಲ ಬುಡದಲ್ಲೇ ಬಿತ್ತು.

"ಹೊಸ ಬೇರಿಂಗು, ಅಭ್ಯಾಸ ಆಗಬೇಕು" ಎಂದೆ.

ಗಂಟು ಬಿಡಿಸಿಕೊಟ್ಟೆ. ಮತ್ತೆ ಬೀಸಿದರು. ಮತ್ತೆ ಹಾಗೇ. ಮೂರನೆಯ ಸಲ ಎಡಗೈಯಿಂದ ಬಲಗೈ ಮಣಿಕಟ್ಟನ್ನು ಹಿಡಿದುಕೊಂಡು ಪ್ರಯತ್ನಿಸಿದರು. ಅದನ್ನು ನೋಡಲಾಗಲಿಲ್ಲ.

ಆಗ ನನಗೆ ಅರ್ಥವಾಯಿತು. ತುಕ್ಕು ಹಿಡಿದ ಬೇರಿಂಗು ಉರುಳೆಯನ್ನು ತಾನೇ ತಡೆಯುತ್ತಿತ್ತು. ಬೆರಳಿನ ಕೆಲಸವನ್ನು ಅದು ಮಾಡುತ್ತಿತ್ತು. ಇಷ್ಟು ತಿಂಗಳು ಆ ಕೈಯ ಗುಟ್ಟನ್ನು ಮುಚ್ಚಿಟ್ಟಿದ್ದು ನನ್ನ ಹುಣಸೇಹಣ್ಣೇ. ಚೆನ್ನಾಗಿರುವ ಬೇರಿಂಗು ಯಾರ ಮುಲಾಜೂ ನೋಡುವುದಿಲ್ಲ.

ಇವರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು. ಕೈಯನ್ನು ಜೇಬಿಗೆ ಹಾಕಲಿಲ್ಲ, ತೊಡೆಯ ಮೇಲಿಟ್ಟರು. ಅದು ಅಲ್ಲಿ ಅದುರುತ್ತಿತ್ತು. ಮರೆಮಾಡದೆ ನನಗೆ ತೋರಿಸಿದ್ದು ಅದೇ ಮೊದಲು.

"ಹುಣಸೇಹಣ್ಣಿಂದಲ್ಲ ಕಣೆ" ಎಂದರು.

ಸೋಮವಾರ ಚಾಮರಾಜಪೇಟೆಯ ಡಾಕ್ಟರ ಹತ್ತಿರ ಹೋದೆವು. ಕೈ ಚಾಚಿಸಿದರು, ಕಾಗದದ ಮೇಲೆ ಸುರುಳಿ ಬರೆಸಿದರು. ಬರೆಯುತ್ತಾ ಬರೆಯುತ್ತಾ ಸುರುಳಿ ಚಿಕ್ಕದಾಗುತ್ತಾ ಹೋಯಿತು. "ಯಾವಾಗಿಂದ ಹೀಗೆ?" ಎಂದು ಕೇಳಿದರು.

ನಾನೇ ಮುಂದಾಗಿ, "ಸಂಕ್ರಾಂತಿಯಿಂದ ಡಾಕ್ಟ್ರೇ" ಎಂದೆ.

"ಅಲ್ಲ" ಎಂದರು ಇವರು, ನನ್ನ ಕಡೆ ನೋಡದೆ. "ಹೋದ ಯುಗಾದಿಯಿಂದ."

ಅಂದರೆ ಆಯುಧಪೂಜೆಗೂ ಆರು ತಿಂಗಳು ಮುಂಚೆ. ನಾನು ಒರೆಸಿಟ್ಟೆ ಎಂದಾಗ ಅವರೂ ಒಂದು ಗುಟ್ಟನ್ನು ಬಚ್ಚಿಟ್ಟುಕೊಂಡೇ ನಿಂತಿದ್ದರು. ಡಾಕ್ಟರು ಬರೆದುಕೊಳ್ಳುತ್ತಿದ್ದರು. ನಾನು ಮೇಜಿನ ಕೆಳಗೆ ಆ ಹೆಬ್ಬೆರಳನ್ನು ಹಿಡಿದುಕೊಂಡೆ. ಹಿಡಿದಷ್ಟು ಹೊತ್ತು ಅದು ಸುಮ್ಮನಿತ್ತು.